ಹಿತ್ತಲ ಒಲೆಯ ಬೇಗಲ್

ಕಸ್ತೂರಿ ಮೊದಲ ಸಲ ಬೇಗಲ್ ಮಾಡಿದ ದಿನ ಅತ್ತೆ ತುಳಸೀಬಾಯಿ ಅದನ್ನು ತಿನ್ನಲೂ ಇಲ್ಲ, ಮುಟ್ಟಲೂ ಇಲ್ಲ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಬಗ್ಗಿ, ಮೂಸಿ ನೋಡಿದರು.

“ಮೊಟ್ಟಿ ಹಾಕೀ ಏನು?”

“ಮೊಟ್ಟಿ ಯಾಕ ಹಾಕ್ಲಿ ಅತ್ಯಾರ? ಜೋಳದ ಹಿಟ್ಟು, ಪುಠಾಣಿ ಹಿಟ್ಟು, ಶೇಂಗಾ ಪುಡಿ, ಗಟ್ಟಿ ಮೊಸರು. ಅಂಟು ಬರ್ಲಿ ಅಂತ ಇಸಬಗೋಲ. ಅಷ್ಟ.”

“ಮತ್ತ ಹಿಂಗ್ಯಾಕ ಹೊಳೀಲಿಕತ್ತದ?”

“ಹಾಲು ಸವರೀನಿ.”

“ಫೋನಿನ್ಯಾಗ ಆ ಹೆಂಗಸು ಮೊಟ್ಟಿ ಸವರಿದ್ದು ನಾ ಕಣ್ಣಾರೆ ನೋಡೀನಿ.”

“ಆಕಿ ಸವರಿದ್ಲು. ನಾ ಆಕಿ ಅಲ್ಲ.”

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಮಾವ ಪಂಢರೀನಾಥರಾಯರು ಕನ್ನಡ ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಜಗಳ ಹತ್ತುವ ಸುಳಿವು ಸಿಕ್ಕರೆ ಒಂದು ಚೇಷ್ಟೆಯ ಮಾತು ಒಗೆದು ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತುವುದು ಅವರ ಪದ್ಧತಿ. “ಕೋಡಬಳಿನ ಅಲ್ಲೇನು ಅದು? ಇಂಗ್ಲೀಷ ಸಾಲಿಗೆ ಹೋಗಿ ಬಂದದ, ಅಷ್ಟ” ಎಂದರು.

ಬೇಗಲ್ ಎಂದರೆ ಬಳೆಯಾಕಾರದ ಬ್ರೆಡ್ಡು. ಹಿಟ್ಟಿನ ಬಳೆಗಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆದು, ಆಮೇಲೆ ಓವನ್ನಿನಲ್ಲಿ ಸುಡಬೇಕು. ಬಾಗಲಕೋಟೆ ನವನಗರದ ಆ ಮನೆಗೆ ಅದು ಬಂದದ್ದು ಮೊಮ್ಮಗಳು ಸಂಪದಾಳ ಹೊಟ್ಟೆಯ ಸಲುವಾಗಿ. ಹನ್ನೆರಡು ವರ್ಷದ ಹುಡುಗಿ ಇಪ್ಪತ್ತಾರು ಕಿಲೋ ದಾಟಿರಲಿಲ್ಲ. ಹೊಟ್ಟೆ ಉಬ್ಬುವುದು, ನೋಯುವುದು, ಉಂಡ ಮೇಲೆ ಬಚ್ಚಲಿಗೆ ಓಡುವುದು. ಯುಗಾದಿಯ ಹೊತ್ತಿಗೆ ಡಾಕ್ಟರು ರಕ್ತ ನೋಡಿ, ಕರುಳಿನ ಚೂರು ನೋಡಿ, ಗೋಧಿ ಈಕೆಗೆ ವಿಷ ಎಂದುಬಿಟ್ಟರು. ಗೋಧಿಯೊಳಗಿನ ಅಂಟು ಕರುಳನ್ನು ಸವೆಸುತ್ತದೆ. ಜೀವನಪೂರ್ತಿ ಒಂದು ಚಿಟಿಕೆಯೂ ಬಾಯಿಗೆ ಹೋಗಬಾರದು. ಮೈಯಲ್ಲಿ ಪ್ರೋಟೀನ್ ಇಲ್ಲ, ಬೇಳೆ, ಶೇಂಗಾ, ಮೊಸರು ತಿನ್ನಿಸಿರಿ. ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡೋಣ. ಗೋಧಿಯ ಕಾಟ ತೋರಿಸುವ ಅಂಕಿ ರಕ್ತದಲ್ಲಿ ಈಗ ನೂರಾ ಎಂಬತ್ತು ಇದೆ, ಅದು ಇಳಿಯಬೇಕು. ಇಳಿಯದಿದ್ದರೆ ಹುಡುಗಿ ಬೆಳೆಯುವುದೇ ನಿಂತೀತು.

ಸಂಪದಾ ಬೇಳೆ ಕಂಡರೆ ತಾಟು ದೂಡುವವಳು. ಜೋಳದ ಭಕ್ಕರಿಯನ್ನು ಅತ್ತು ನುಂಗುವವಳು. ಚಪಾತಿ, ಬ್ರೆಡ್ಡು ಬಿಡಿಸಿದ ಮೇಲೆ ಏನು ಬೇಕು ಕೇಳು ಎಂದಾಗ ಫೋನಿನಲ್ಲಿ ಕಂಡಿದ್ದ ಈ ಬಳೆಯನ್ನು ತೋರಿಸಿದಳು. ಬೇಡವಾದ ಬೇಳೆಯ ಬದಲು ಹುರಿಗಡಲೆಯ ಪುಠಾಣಿ, ಜೊತೆಗೆ ಶೇಂಗಾ, ಮೊಸರು ಎಲ್ಲವನ್ನೂ ಇದರೊಳಗೆ ಅಡಗಿಸಬಹುದಲ್ಲ ಎಂದು ಕಸ್ತೂರಿಗೆ ಹೊಳೆಯಿತು. ಫೋನಿನ ಹೆಂಗಸು ಮೇಲೆ ಈರುಳ್ಳಿ, ಬೆಳ್ಳುಳ್ಳಿ ಉದುರಿಸುತ್ತಿದ್ದಳು. ಈ ವೈಷ್ಣವರ ಮನೆಯಲ್ಲಿ ಅವೆರಡೂ ಹೊಸ್ತಿಲು ದಾಟಿದ್ದಿಲ್ಲ. ಮನೆಯ ರೂಢಿಯಂತೆ ಕಸ್ತೂರಿ ಜೀರಿಗೆ, ಇಂಗು ಹಾಕಿ ಹಿಟ್ಟು ನಾದಿದಳು.

ಮೊದಲ ಸಲದ್ದು ಕಲ್ಲಾಯಿತು. ಎರಡನೆಯದು ನೀರಿನಲ್ಲೇ ಒಡೆದು ಗಂಜಿಯಾಯಿತು. ಐದನೆಯ ಸಲ ಬಳೆ ಬಳೆಯಾಗಿ ನಿಂತಿತು; ಹಲ್ಲಿಗೆ ಹಿತವಾಗಿ ಜಗಿಯಲು ಬಂತು. ಸಂಪದಾ ಎರಡು ತಿಂದಳು.

“ನೋಡಿದ್ರೇನ್ರಿ?” ಎಂದು ಕಸ್ತೂರಿ ಗಂಡನಿಗೆ ತೋರಿಸಿದಳು. ಅದು ಅತ್ತೆಗೆ ಕೇಳಲಿ ಎಂದೇ ಹೇಳಿದ್ದು.

ಜೂನ್ ಕೊನೆಗೆ ರಕ್ತದ ವರದಿ ಬಂತು. ನೂರಾ ಎಪ್ಪತ್ತನಾಲ್ಕು.

“ಇದು ಇಳಿದದ್ದಲ್ಲ. ಎಲ್ಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ” ಎಂದರು ಡಾಕ್ಟರು. ದವಾಖಾನೆಯಿಂದ ಮನೆಯವರೆಗೂ ಕಸ್ತೂರಿ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತ ಮೇಲೆ ಬಿಟ್ಟಳು.

“ಈ ಮನ್ಯಾಗ ಯಾರೋ ಹುಡುಗಿಗೆ ಗೋಧಿ ತಿನ್ನಸ್ಲಿಕತ್ತಾರ.”

ತುಳಸೀಬಾಯಿ ತೊವ್ವೆ ಬಡಿಸುತ್ತಿದ್ದರು. ಸೌಟು ಅಲ್ಲೇ ನಿಂತಿತು. “ಯಾರೋ ಅಂದ್ರ ಯಾರು? ಹೆಸರು ಹೇಳು.”

“ಹೆಸರೇನು ಹೇಳೂದು? ನಾ ಮುಂಜಾನೆ ಎಂಟಕ್ಕ ಶಿರೂರಿನ ಬಸ್ ಹಿಡಿದ್ರ ಸಾಲಿ ಮುಗಿಸಿ ಮನಿ ಸೇರೂದು ಐದೂವರಿಗೆ. ನಡುವ ಆಕಿ ಬಾಯಾಗ ಏನು ಬೀಳ್ತದ ನನಗ ಹ್ಯಾಂಗ ಗೊತ್ತಾಗಬೇಕು? ದೇವರ ಪ್ರಸಾದ, ಒಂದು ತುತ್ತು ಶಿರಾ ತಿಂದ್ರ ಏನಾಗ್ತದ ಅಂತ ಕೊಟ್ಟಿರಬೇಕು.”

“ಹೊಲಸ ಮಾತಾಡಬ್ಯಾಡ ಕಸ್ತೂರಿ.”

“ಅಜ್ಜಿ ಕೊಟ್ಟಿಲ್ಲಮ್ಮಾ” ಎಂದಳು ಸಂಪದಾ.

“ಹಿಂಗ ಹೇಳು ಅಂತ ಅಜ್ಜಿ ಹೇಳಿಕೊಟ್ಟಾರೇನು?”

“ಆತಲ್ಲ, ಹುಡುಗೀನ್ನೂ ಸುಳ್ಳಿ ಮಾಡಿದಿ!” ತುಳಸೀಬಾಯಿ ಸೌಟನ್ನು ಪಾತ್ರೆಗೆ ಎಸೆದು ಹಿತ್ತಲಿಗೆ ಹೋದರು. ಬೃಂದಾವನದ ಮೇಲೆ ಅಂಗೈಯಿಟ್ಟು, ನೆರೆಮನೆಗೂ ಕೇಳುವಂತೆ ಕೂಗಿದರು. “ನನ್ನ ಕೈಯಾರೆ ಈ ಹುಡುಗಿಗೆ ಗೋಧಿ ಕೊಟ್ಟಿದ್ರ ನನ್ನ ಕೈ ಸೇದಿ ಹೋಗ್ಲಿ!”

ಮಗ ಸತ್ಯಬೋಧ ಕಾಲೇಜೊಂದರಲ್ಲಿ ಗುಮಾಸ್ತ. ಫೈಲುಗಳ ನಡುವೆ ಬದುಕಿದವನು. ಮನೆಯ ಜಗಳವನ್ನೂ ಒಂದು ಫೈಲಿನಂತೆ ಮುಚ್ಚಿಡಲು ನೋಡುವವನು. “ಅವ್ವಾ, ಆಣಿ ಯಾಕ? ಕಸ್ತೂರಿ, ಊಟದ ಮುಂದ ಇದೆಲ್ಲಾ ಯಾಕ?” ಎಂದ.

“ನೀ ಸುಮ್ಮನಿರು!” ಎಂದರು ತಾಯಿ.

“ನೀವು ಸುಮ್ಮನಿರ್ರಿ!” ಎಂದಳು ಹೆಂಡತಿ.

ಆ ಮಳೆಗಾಲದಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ತುಳಸೀಬಾಯಿ ಒಳಗೆ ಬಂದು ಸೆರಗಿನಿಂದ ಕೈ ಒರೆಸಿಕೊಂಡರು. “ನನ್ನ ಕೇಳಿದ್ಯಲ್ಲ, ಈಗ ನಾ ಕೇಳ್ತೇನಿ. ಜೋಳ ಕುದಿಸಿ, ಮತ್ತ ಸುಟ್ಟು ತಿನ್ನೂದು ಯಾವ ಊರಿನ ಪದ್ಧತಿ? ಆ ಬಳಿ ಹೊಟ್ಯಾಗ ಹೋಗಿ ಕಲ್ಲಾಗಿ ಕೂತಿರಬೇಕು. ನೀ ಮೊಟ್ಟಿ ಹಾಕಿಲ್ಲ ಅಂತ ನಾ ಹ್ಯಾಂಗ ನಂಬಲಿ?”

“ನಂಬಬ್ಯಾಡ್ರಿ. ನಾಳಿಯಿಂದ ನನ್ನ ಮಗಳದು ಒಲಿ ಬ್ಯಾರೆ.”

ಹೇಳಿದಂತೆ ಮಾಡಿದಳು. ಹಿತ್ತಲಿನ ತಗಡಿನ ಮಾಡಿನ ಕೆಳಗೆ ಓವನ್ನು ಹೋಯಿತು, ಎರಡು ಬರ್ನರಿನ ಒಲೆ ಬಂತು. ಗಿರಣಿಯಲ್ಲಿ ಗೋಧಿಯ ಪುಡಿ ಬೆರೆತೀತೆಂದು ಜೋಳವನ್ನು ಮಿಕ್ಸಿಯಲ್ಲೇ ಬೀಸಿ ಎರಡು ಸಲ ಜರಡಿ ಹಿಡಿದಳು. ಜೀರಿಗೆ, ಎಳ್ಳು, ಇಂಗು, ಉಪ್ಪನ್ನೂ ಬೇರೆಯಾಗಿ ತಂದಿಟ್ಟಳು. ಪಾತ್ರೆಗಳ ತಳಕ್ಕೆ ಕೆಂಪು ಬಣ್ಣದ ಬೊಟ್ಟು ಇಟ್ಟು, ಹಿಟ್ಟಿನ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.

“ಹಿಟ್ಟಿಗೆ ಕೀಲಿ ಹಾಕೋ ಸೊಸೀನ್ನ ಇಲ್ಲೇ ನೋಡಿದೆ” ಎಂದರು ತುಳಸೀಬಾಯಿ.

“ಮಡಿ ಅಂತ ನೀವು ನನ್ನ ಒಲಿ ಮುಟ್ಟಲಿಕ್ಕೆ ಬಿಡ್ತೀರೇನು? ಇದು ನನ್ನ ಮಡಿ.”

ಆ ಮಾತು ಅತ್ತೆಗೆ ಬಹಳ ನಾಟಿತು. ಬೇರೆ ಬೈಗುಳಗಳನ್ನು ಮರುದಿನಕ್ಕೆ ಮರೆಯುತ್ತಿದ್ದ ಅವರು ಇದನ್ನು ಎಂಟು ದಿನ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು.

ಜುಲೈಯಲ್ಲಿ ಇಳಕಲ್ಲಿನಿಂದ ಫೋನು ಬಂತು. ಕಸ್ತೂರಿಯ ತಾಯಿ ಇಂದ್ರಾಬಾಯಿ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದರು. ಅತ್ತಿಗೆ ಹೆರಿಗೆಗೆಂದು ತವರಿಗೆ ಹೋಗಿದ್ದಳು. ತಾಯಿಯನ್ನು ಎತ್ತಿ ಕೂಡಿಸಲು ಹೆಣ್ಣುಮಕ್ಕಳು ಯಾರೂ ಇರಲಿಲ್ಲ. ಕಸ್ತೂರಿ ಮೂರು ವಾರ ರಜೆ ಹಾಕಿದಳು. ಸಂಪದಾಳ ಶಾಲೆ ತಪ್ಪಿಸುವಂತಿರಲಿಲ್ಲ. ಹೊರಡುವ ಮುಂದೆ ನಲವತ್ತು ಬೇಗಲ್ ಸುಟ್ಟು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ತುಂಬಿ, ಗಂಡನಿಗೆ ಹೇಳಿದಳು. “ಮುಂಜಾನೆ ಒಂದು, ಸಾಲಿಗೆ ಒಂದು. ಸಂಜಿಗೆ ಮೊಸರನ್ನ. ನಿಮ್ಮವ್ವನ ಒಲಿಯಿಂದ ಏನೂ ಕೊಡಬ್ಯಾಡ್ರಿ. ತಿಳೀತಿಲ್ಲೋ?”

“ತಿಳೀತು.”

“ತಲಿ ಅಲ್ಲಾಡಿಸಬ್ಯಾಡ್ರಿ, ಬಾಯಿಲೆ ಹೇಳ್ರಿ.”

“ಹೇಳಿದೆನಲ್ಲ!”

ಆಕೆ ಹೋದ ಮೂರನೆಯ ದಿನ ಮಳೆಗಾಳಿಗೆ ಕಂಬ ಬಿದ್ದು ಎರಡು ದಿನ ಕರೆಂಟು ಇರಲಿಲ್ಲ. ಫ್ರಿಜ್ಜು ತೆಗೆದಾಗ ಬಳೆಗಳ ಮೇಲೆ ಹಸಿರು ಬೂಷ್ಟು. ತುಳಸೀಬಾಯಿ ಅವನ್ನು ಕೋಲಿನಿಂದ ಚೀಲಕ್ಕೆ ದೂಡಿ ಕಸದ ಗಾಡಿಗೆ ಹಾಕಿಸಿದರು.

“ಕಸ್ತೂರಿಗೆ ಏನು ಹೇಳೂದವ್ವಾ?” ಎಂದ ಸತ್ಯಬೋಧ.

“ನಾ ಎಸದೆ ಅಂತ ಹೇಳು. ಹುಡುಗಿ ಉಪವಾಸ ಕೂಡಬೇಕೇನು?”

ಆಗ ಆ ಮನೆಯಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು, ಶಾಕವ್ರತ. ಕಾಯಿಪಲ್ಯೆ, ಹಣ್ಣು, ಹುಣಸೆಹಣ್ಣು, ಮೆಣಸಿನಕಾಯಿ, ಕೊಬ್ಬರಿ, ಇಂಗು ಯಾವುದೂ ಒಲೆಯ ಹತ್ತಿರ ಬರುವಂತಿಲ್ಲ. ಕಾಳುಮೆಣಸಿನ ಸಾರು, ಹುಳಿಗೆ ಒಣಮಾವಿನ ಪುಡಿ, ಹೆಸರುಬೇಳೆಯ ತೊವ್ವೆ, ಹಾಲು, ಮೊಸರು. ಪಂಢರೀನಾಥರಾಯರು ಪ್ರತಿವರ್ಷ ಆ ತಿಂಗಳು ತಾಟು ನೋಡಿ ನಿಟ್ಟುಸಿರು ಬಿಡುವವರು. ಸಂಪದಾಗಾಗಿ ತುಳಸೀಬಾಯಿ ಬೇರೆ ತವೆ ತೊಳೆದಿಟ್ಟರು. ಜೋಳವನ್ನು ಬೀಸುಕಲ್ಲಿನಲ್ಲಿ ತಾವೇ ಬೀಸಿದರು. ಸೊಸೆಗೆ ತೋರಿಸಬೇಕೆಂಬ ಹಟವೂ ಅದರಲ್ಲಿ ಇತ್ತು ಅನ್ನಿ. ಹಟದಿಂದ ಮಾಡಿದ ಕೆಲಸವೂ ಶುದ್ಧವಾಗಿಯೇ ಇತ್ತು. ಬೇಳೆ ಬೇಡವೆಂದು ತಾಟು ದೂಡುವ ಹುಡುಗಿ ಅಜ್ಜಿಯ ಮುಂದೆ ದೂಡಲಿಲ್ಲ. ದೂಡಿದರೆ ಅಜ್ಜಿ ಇನ್ನೊಂದು ಸೌಟು ಹಾಕುತ್ತಿದ್ದರು.

ಹತ್ತು ದಿನದಲ್ಲಿ ಹೊಟ್ಟೆಯುಬ್ಬರ ಇಳಿಯಿತು. ಮೂರು ವಾರ ತುಂಬುವಾಗ ಸಂಪದಾ ಇಪ್ಪತ್ತೇಳೂವರೆ ಕಿಲೋ ತೂಗಿದಳು. ತುಳಸೀಬಾಯಿ ತೂಕದ ಚೀಟಿಯನ್ನು ದೇವರ ಗೂಡಿನಲ್ಲಿಟ್ಟು, ಕಸ್ತೂರಿ ಬಂದ ದಿನ ಆಕೆ ಚೀಲ ಕೆಳಗಿಡುವ ಮೊದಲೇ ಕೈಗೆ ಕೊಟ್ಟರು.

“ನೋಡು. ನಾ ಗೋಧಿ ತಿನ್ನಿಸಿದ ಹುಡುಗಿ.”

ಕಸ್ತೂರಿ ಚೀಟಿ ನೋಡಿದಳು. ಮಗಳ ಕೆನ್ನೆ ನೋಡಿದಳು. ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದಳು.

“ನನ್ನ ಬೇಗಲ್ ಎಲ್ಲಿ?”

“ಕಸದ ಗಾಡ್ಯಾಗ.”

“ನನ್ನ ಕೇಳದ?”

“ಬೂಷ್ಟು ಹಿಡಿದದ್ದನ್ನ ಎಸೀಲಿಕ್ಕೆ ಇಳಕಲ್ಲಿಗೆ ಫೋನು ಹಚ್ಚಬೇಕಿತ್ತೇನು?”

“ಫೋನು ಹಚ್ಚಿ, ಕರೆಂಟು ಹೋಗೇದ, ಏನು ಉಣಸಲಿ ಅಂತ ಕೇಳಬೇಕಿತ್ತು. ತಾಯಿ ನಾನು.”

“ಹೌದು, ತಾಯಿ ನೀನು. ಆಕಿಗೆ ಆರಾಮಾಗೇದ ಅಂತ ಒಂದು ಮಾತು ಬಾಯಾಗ ಬರಲಿಲ್ಲ, ಬಳಿ ಎಲ್ಲಿ ಅಂತ ಕೇಳಿದಿ.”

ಮೂರು ವಾರ ತಾಯಿಯ ಮಲ ಮೂತ್ರ ಬಳಿದು ಬಂದವಳಿಗೆ ಆ ಮಾತು ಬೇರೆ ದಿನವಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ. ಅಂದೇ ಸಂಜೆ ಓವನ್ನು ಹಚ್ಚಿದಳು. “ಅಮ್ಮಾ, ನನಗ ಅಜ್ಜಿ ಸಾರೂ ನಡೀತದ” ಎಂದಳು ಸಂಪದಾ. “ನಡೀತದ, ಆದ್ರ ನನಗ ನಡ್ಯಾಂಗಿಲ್ಲ” ಎಂದಳು ಕಸ್ತೂರಿ.

ಮತ್ತೆ ಮುಂಜಾನೆ ಬೇಗಲ್, ಶಾಲೆಗೆ ಬೇಗಲ್. ಆರನೆಯ ದಿನ ಹುಡುಗಿಯ ಹೊಟ್ಟೆ ಡೊಳ್ಳಾಯಿತು. ಒಂಬತ್ತನೆಯ ದಿನ ಶಾಲೆಯಿಂದ ಸತ್ಯಬೋಧನಿಗೆ ಫೋನು ಬಂತು. ಹುಡುಗಿ ಬಚ್ಚಲಲ್ಲೇ ಕೂತು ಅಳುತ್ತಿದ್ದಾಳೆ, ಬಂದು ಕರೆದೊಯ್ಯಿರಿ. ಆಕೆಯನ್ನು ಮಲಗಿಸಿ ಅವನು ಹಿತ್ತಲಿಗೆ ಹೋದ. ಕಸ್ತೂರಿ ಆಗ ತಾನೇ ಶಿರೂರಿನಿಂದ ಬಂದು ಹಿಟ್ಟು ನಾದುತ್ತಿದ್ದಳು.

“ಬಿಡು ಅದನ್ನ.”

“ಯಾಕ?”

“ಇನ್ನ ಆಕಿ ಅವ್ವನ ಒಲಿ ಮ್ಯಾಲಿಂದು ಉಣ್ಣಲಿ. ಮೂರು ವಾರ ಉಂಡು ಆರಾಮಿದ್ಲು. ನಿನ್ನ ಕೈಯಾಗಿಂದು ಒಂಬತ್ತು ದಿನ ಉಂಡ್ಲು, ಹಿಂಗಾತು. ನಾ ಏನಂತ ತಿಳೀಬೇಕು?”

“ನಾ ಗೋಧಿ ಹಾಕೀನಿ ಅಂತೀರೇನು?”

“ಏನು ಹಾಕೀಯೋ ನನಗ ಗೊತ್ತಿಲ್ಲ. ಓವನ್ ತಗಿ.”

ಒಳಗಿನಿಂದ ತುಳಸೀಬಾಯಿಯ ದನಿ ಬಂತು. “ಆಣಿ ಮಾಡ್ಲಿ ಈಗ. ಬೃಂದಾವನ ಅಲ್ಲೇ ಮಗ್ಗಲದಾಗ ಅದ.”

ಕಸ್ತೂರಿ ಆಣೆ ಮಾಡಲಿಲ್ಲ. ನಾದಿದ ಹಿಟ್ಟನ್ನು ಮುದ್ದೆ ಮಾಡಿ ಆಕಳಿಗೆ ಇಟ್ಟಳು. ಕೈ ತೊಳೆದಳು. ಅಂದಿನಿಂದ ತಾನೂ ಆ ಅಡಿಗೆಮನೆಯಲ್ಲಿ ಉಣ್ಣಲಿಲ್ಲ. ಹಿತ್ತಲ ಒಲೆಯ ಮೇಲೆ ತನಗೊಂದು ಹಿಡಿ ಅನ್ನ ಮಾಡಿಕೊಂಡು, ಮಗಳು ಅಜ್ಜಿಯ ಮುಂದೆ ಉಣ್ಣುವುದನ್ನು ಕಿಟಕಿಯಿಂದ ನೋಡುತ್ತ ಉಂಡಳು. ಶಿರೂರಿನ ಶಾಲೆಯಲ್ಲಿ ಕಸ್ತೂರಿಯ ಜೊತೆ ಟೀಚರಾಗಿದ್ದ ನರ್ಗೀಸ ಓವನ್ನನ್ನು ತಾನು ಒಯ್ಯುತ್ತೇನೆಂದಳು. ಮುಂದಿನ ರವಿವಾರ ಬರುವುದೆಂದು ಗೊತ್ತಾಯಿತು.

ತುಳಸೀಬಾಯಿ ಗೆದ್ದಿದ್ದರು. ಗೆದ್ದವರಂತೆಯೇ ಮನೆಯಲ್ಲಿ ಓಡಾಡಿದರು.

ಶಾಕವ್ರತ ಮುಗಿಯಿತು. ಎರಡನೆಯ ತಿಂಗಳಲ್ಲಿ ಮೊಸರು ಮಾತ್ರ ಇಲ್ಲ, ಉಳಿದದ್ದೆಲ್ಲ ಉಂಟು. ತಿಂಗಳ ಮೇಲೆ ಒಗ್ಗರಣೆಯ ಸಪ್ಪಳ ಕೇಳಿ ಪಂಢರೀನಾಥರಾಯರು ಕರೆಯುವ ಮೊದಲೇ ತಾಟಿನ ಮುಂದೆ ಬಂದು ಕೂತರು. “ಆಹಾ! ಈಗ ಮನುಷ್ಯರ ಮನಿ ಆತು ನೋಡು.”

“ಇಷ್ಟು ದಿನ ಯಾರ ಮನಿ ಇತ್ತು?”

“ಸನ್ಯಾಸಿಗಳದು.”

ಎಂಟು ದಿನ ಕಳೆದವು. ಗುರುವಾರ ಮಧ್ಯಾಹ್ನ ಶಾಲೆಯಿಂದ ಊಟಕ್ಕೆ ಬಂದ ಸಂಪದಾ ಅರ್ಧಕ್ಕೇ ಎದ್ದು ಓಡಿದಳು. ಬಂದು ಮಲಗಿದಳು, ಮತ್ತೆ ಓಡಿದಳು. ತುಳಸೀಬಾಯಿ ಬಾಗಿಲಲ್ಲಿ ನಿಂತಿದ್ದರು.

“ಎಷ್ಟನೇ ಸಲ?”

“ಮೂರನೇದು. ಅಮ್ಮಗ ಹೇಳಬ್ಯಾಡಜ್ಜಿ. ಮತ್ತ ಜಗಳಾ ಹತ್ತತದ.”

ಅವರು ಹೇಳಲಿಲ್ಲ. ಮರುದಿನ ಹುಡುಗಿಯನ್ನು ಶಾಲೆಗೆ ಕಳಿಸದೆ ಮನೆಯಲ್ಲಿಟ್ಟುಕೊಂಡು, ಮೆಂತ್ಯದ ಸೊಪ್ಪು ಸೋಸುತ್ತ ಕೂತರು. ಬೆರಳು ಮಡಚಿ ಎಣಿಸಿದರು. ವ್ರತದಲ್ಲಿ ಇದ್ದದ್ದೇನು, ಇಲ್ಲದ್ದೇನು, ಈಗ ಬಂದದ್ದೇನು. ಐವತ್ತು ವರ್ಷ ಒಲೆಯ ಮುಂದೆ ಕೂತವರಿಗೆ ಅದಕ್ಕೆ ಕಾಗದ ಬೇಕಿರಲಿಲ್ಲ.

“ಸಂಪೂ, ನಿಮ್ಮಮ್ಮನ ಬಳ್ಯಾಗ ಮೆಣಸಿನಕಾಯಿ ಇರ್ತದೇನು?”

“ಇಲ್ಲ.”

“ಹುಣಸಿಹಣ್ಣು?”

“ಬ್ರೆಡ್ಡಿಗೆ ಹುಣಸಿಹಣ್ಣು ಯಾರು ಹಾಕ್ತಾರಜ್ಜಿ?”

“ಕೇಳಿದ್ದಕ್ಕ ಹೇಳು. ಕೊಬ್ಬರಿ? ಕಾಯಿಪಲ್ಯೆ?”

“ಏನೂ ಇಲ್ಲ. ಎಳ್ಳು, ಜೀರಗಿ, ಇಂಗು.”

“ಎಳ್ಳು, ಜೀರಗಿ ನಾ ವ್ರತದಾಗೂ ಹಾಕೀನಿ.” ಸೊಪ್ಪು ಸೋಸುತ್ತಿದ್ದ ಕೈ ನಿಂತಿತು. ಎದ್ದು ಹೋಗಿ ಇಂಗಿನ ಡಬ್ಬಿ ತಂದು ಗಂಡನ ಪೇಪರಿನ ಮೇಲೆ ಇಟ್ಟರು.

“ಇದರ ಮ್ಯಾಲ ಏನು ಬರದಾರ ಓದ್ರಿ.”

“ಇಂಗು ಅಂತ ಬರದಾರ.”

“ಸಣ್ಣ ಅಕ್ಷರ ಓದ್ರಿ.”

ರಾಯರು ಭೂತಕನ್ನಡಿ ಹುಡುಕಿ, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. “ಗೋಂದು. ಗೋಧಿ ಹಿಟ್ಟು. ಇಂಗು.”

“ಇನ್ನೊಮ್ಮೆ ಓದ್ರಿ.”

“ಹತ್ತು ಸಲ ಓದಿದ್ರೂ ಅದ. ಗೋಧಿ ಹಿಟ್ಟು. ಇಂಗಿಗಿಂತ ಮೊದಲ ಬರದಾರ.”

“ಇಂಗಿನ್ಯಾಗ ಗೋಧಿ ಯಾಕ ಹಾಕ್ತಾರ?”

“ಬರೇ ಇಂಗು ಯಾರಿಗೆ ಪೂರೈಸ್ತದ? ಬೆರಸ್ತಾರ.”

ತುಳಸೀಬಾಯಿ ಅಲ್ಲೇ ನೆಲದ ಮೇಲೆ ಕೂತರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಮನೆ. ಸಾರಿಗೆ ಇಂಗು, ಪಲ್ಯೆಗೆ ಇಂಗು, ಮಜ್ಜಿಗೆಗೆ ಇಂಗು, ಉಪ್ಪಿನಕಾಯಿಗೆ ಇಂಗು. ಸಂಪದಾ ಮಗುವಾಗಿದ್ದಾಗ ಹೊಟ್ಟೆನೋವೆಂದು ಅತ್ತರೆ ಹೊಕ್ಕುಳಿಗೆ ಹಚ್ಚಿ, ಚೂರು ಮಜ್ಜಿಗೆಯಲ್ಲಿ ಕದಡಿ ಕುಡಿಸಿದ್ದೂ ಇದೇ ಇಂಗು.

ರಾಯರು ಪೇಪರು ಮಡಚಿದರು. “ನೋಡು, ಇದನ್ನ ಯಾರಿಗೂ ಹೇಳಬ್ಯಾಡ. ಇವತ್ತಿಂದ ಸುಮ್ಮ ಇಂಗು ಬಿಟ್ಟುಬಿಡು. ಹುಡುಗಿಗೆ ಆರಾಮಾಗ್ತದ. ನಿನ್ನ ಕೈಗುಣ ಅಂತಾರ. ಆ ಓವನ್ನೂ ಹೋಗ್ತದ, ಮನಿ ಒಂದ ಆಗ್ತದ.”

“ಆಕಿ?”

“ಆಕಿಗೇನಾಗ್ತದ? ನಾಕು ದಿನ ಸಿಟ್ಟು.”

ತುಳಸೀಬಾಯಿ ಸಂಜೆಯ ಸಾರಿಗೆ ಬರೀ ಸಾಸಿವೆ ಸಿಡಿಸಿದರು.

“ಅವ್ವಾ, ಸಾರು ಸಪ್ಪಗದ” ಎಂದ ಸತ್ಯಬೋಧ.

“ಸಪ್ಪಗ ಉಣ್ಣು.”

ಶನಿವಾರವೂ ಹಾಗೇ ಹೋಯಿತು. ರವಿವಾರ ಹತ್ತು ಗಂಟೆಗೆ ನರ್ಗೀಸ ಟಂಟಂ ರಿಕ್ಷಾ ತೆಗೆದುಕೊಂಡು ಬಂದಳು. ಕಸ್ತೂರಿ ಓವನ್ನು ಒರೆಸಿ, ವಾಯರು ಸುತ್ತಿ, ಹಿತ್ತಲ ಬಾಗಿಲಿನವರೆಗೆ ತಂದಿದ್ದಳು. ಇಬ್ಬರೂ ಎರಡು ಬದಿ ಹಿಡಿದು ಎತ್ತುವಾಗ ತುಳಸೀಬಾಯಿ ಬಂದು ಬಾಗಿಲಿಗೆ ಅಡ್ಡ ನಿಂತರು.

“ಕೆಳಗಿಡು.”

“ತಗಿ ಅಂದವರು ನಿಮ್ಮ ಮಗ. ಈಗ ಒಯ್ಯಲಿಕ್ಕೂ ಬಿಡಾಂಗಿಲ್ಲೇನು?”

“ಕೆಳಗಿಡು ಅಂದೆ.”

“ನಾ ಮತ್ತೊಂದು ದಿನ ಬರ್ತೀನ್ರಿ ಟೀಚರ” ಎಂದಳು ನರ್ಗೀಸ.

“ನೀ ನಿಂದ್ರವಾ” ಎಂದರು ತುಳಸೀಬಾಯಿ. “ಅತ್ತಿ ಮಗಳಿಗೆ ಕದ್ದು ಗೋಧಿ ತಿನ್ನಸ್ತಾಳ ಅಂತ ಈಕಿ ನಿಮ್ಮ ಸಾಲ್ಯಾಗ ಹೇಳ್ಯಾಳಿಲ್ಲೋ?”

ನರ್ಗೀಸ ಓವನ್ನಿನ ಕಡೆ ನೋಡಿದಳು. ಅದೇ ಉತ್ತರವಾಯಿತು.

“ಹೊರಗಿನವರ ಮುಂದ ಹೇಳ್ಯಾಳ, ನಾನೂ ಹೊರಗಿನವರ ಮುಂದನ ಹೇಳ್ತೇನಿ.” ತುಳಸೀಬಾಯಿ ಸೆರಗಿನೊಳಗಿನ ಡಬ್ಬಿ ತೆಗೆದು ಓವನ್ನಿನ ಮೇಲೆ ಕುಕ್ಕಿದರು. “ಇದರಾಗ ಗೋಧಿ ಅದ. ನಿನ್ನ ಬಳ್ಯಾಗೂ ಇದ, ನನ್ನ ಸಾರಿನ್ಯಾಗೂ ಇದ. ನೀ ಹಾಕಿದ್ದು ಮೂರು ತಿಂಗಳು. ನಾ ಹಾಕಿದ್ದು ಆಕಿ ಅನ್ನ ಉಣ್ಣಲಿಕ್ಕೆ ಹತ್ತಿದಾಗಿಂದ. ಹನ್ನೊಂದು ವರ್ಷ.”

ಕಸ್ತೂರಿ ಡಬ್ಬಿ ತಿರುಗಿಸಿ ತಿರುಗಿಸಿ ಓದಿದಳು.

“ಯಾವಾಗ ಗೊತ್ತಾತು?”

“ಶುಕ್ರವಾರ.”

“ಇವತ್ತು ರವಿವಾರ. ಎರಡು ದಿನ ಸುಮ್ಮನಿದ್ರಿ.”

“ಇದ್ದೆ.”

“ಓವನ್ ಹೋಗ್ಲಿ ಅಂತ.”

“ಹೋಗ್ಲಿ ಅಂತನ.”

ನರ್ಗೀಸ ಎರಡು ಹೆಜ್ಜೆ ಹಿಂದೆ ಸರಿದಳು.

“ಮತ್ತ ಈಗ ಯಾಕ ಹೇಳಿದ್ರಿ?”

“ಗುರುವಾರ ಆಕಿ ನನ್ನ ಕೈಯಾಗಿಂದು ಉಂಡು ಮೂರು ಸಲ ಬಚ್ಚಲಕ್ಕ ಓಡಿದ್ಲು. ನಾ ಬರೇ ಸುಮ್ಮನಿದ್ದುಬಿಟ್ರ, ನಾಳೆ ನೀ ಆಕಿಗೆ ಎಲ್ಲ್ಯರೆ ಹೊರಗ ಏನರೆ ಉಣಸ್ತಿ. ಅದರಾಗೂ ಇಂಗು ಇರ್ತದ. ನಿನಗ ಗೊತ್ತಿರಬೇಕು, ಅದಕ್ಕ. ನಿನ್ನ ಮ್ಯಾಲಿನ ಕಕ್ಕುಲಾತಿಗಲ್ಲ.”

“ನನಗ ನಿಮ್ಮ ಕಕ್ಕುಲಾತಿ ಬೇಕಾಗೂ ಇಲ್ಲ. ನನ್ನ ಕೈಯಾಗಿಂದ ತಾಟು ಕಸಗೊಂಡ್ರಿ. ಹತ್ತು ದಿನ ಕಿಡಕಿಯಿಂದ ನೋಡಿಕೋತ ಉಂಡೇನಿ ನಾ.”

“ನೀ ನನ್ನ ಕೈಯಾಗಿಂದ ಮೊದಲ ಕಸಗೊಂಡಿದ್ದಿ. ತುಳಸಿ ಮುಟ್ಟಿ ಆಣಿ ಮಾಡಿಸಿದಿ.”

“ನಾ ಮಾಡಸಲಿಲ್ಲ. ನೀವ ಓಡಿ ಹೋಗಿ ಮುಟ್ಟಿದ್ರಿ.”

ಗದ್ದಲಕ್ಕೆ ಸತ್ಯಬೋಧನೂ ರಾಯರೂ ಬಂದಿದ್ದರು. ಸತ್ಯಬೋಧ ಡಬ್ಬಿ ಇಸಿದುಕೊಂಡು ಓದಿ ಹೆಂಡತಿಯ ಕಡೆ ತಿರುಗಿದ. “ಕಸ್ತೂರಿ, ನನಗ ಗೊತ್ತಾಗಲಿಲ್ಲ...”

“ಓವನ್ ಎತ್ರಿ” ಎಂದಳು ಅವಳು. “ಮೊದಲ ಎಲ್ಲಿತ್ತು ಅಲ್ಲಿ ಇಡ್ರಿ. ನರ್ಗೀಸ, ತಪ್ಪು ತಿಳೀಬ್ಯಾಡ.”

“ನಾ ಯಾಕ ತಪ್ಪು ತಿಳೀಲಿ ಟೀಚರ? ನಮ್ಮ ಮನ್ಯಾಗ ಅತ್ತಿ ಇನ್ನೂ ಒಂದೂ ತಪ್ಪು ಒಪ್ಪಿಲ್ಲ” ಎಂದು ನರ್ಗೀಸ ಬರಿಗೈಯಲ್ಲಿ ಟಂಟಂ ಹತ್ತಿದಳು.

ಕ್ಷಮೆ ಕೇಳುವುದು, ಕಣ್ಣೊರೆಸುವುದು ಏನೂ ನಡೆಯಲಿಲ್ಲ. ಕಸ್ತೂರಿ ಅತ್ತೆಗೆ ಹೇಳಿದ ಮುಂದಿನ ಮಾತು, “ನಿಮ್ಮ ಡಬ್ಬಿ ಎಲ್ಲಾ ಹೊರಗ ತರ್ರಿ. ನಾ ನೋಡಬೇಕು.”

“ನೀನೂ ನಿನ್ನ ಕಪಾಟಿನ ಕೀಲಿ ತಗಿ. ನಾನೂ ನೋಡಬೇಕು.”

“ನಿಮಗ ಇಂಗ್ಲೀಷ ಓದಲಿಕ್ಕೆ ಬರಂಗಿಲ್ಲ.”

“ನಿನಗ ಓದಲಿಕ್ಕೆ ಬರ್ತಿತ್ತು. ಏನು ಓದಿದಿ?”

ಕಸ್ತೂರಿ ಹೋಗಿ ಕಪಾಟಿನ ಕೀಲಿ ತೆಗೆದಳು.

ಪಡಸಾಲೆಯ ನಡುವೆ ಎರಡೂ ಒಲೆಗಳ ಡಬ್ಬಿಗಳು ಬಂದು ಬಿದ್ದವು. ಇವಳ ಡಬ್ಬಿ ಅವರು ಮುಟ್ಟಬಾರದು, ಅವರದನ್ನು ಇವಳು ಮುಟ್ಟಬಾರದು. ಕೊನೆಗೆ ಸಂಪದಾ ಮಲಗಿದಲ್ಲಿಂದ ಎದ್ದು ಬಂದು ನಡುವೆ ಕೂತು ಒಂದೊಂದನ್ನೇ ಎತ್ತಿ, ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. ಇಬ್ಬರ ಇಂಗಿನ ಡಬ್ಬಿಗಳೂ ಮೊದಲು ಹೋದವು. ಅಜ್ಜಿಯ ಸಾರಿನ ಪುಡಿಯಲ್ಲಿ ಇಂಗು ಕೂಡಿಸಿ ಕುಟ್ಟಿದ್ದರು, ಅದು ಹೋಯಿತು. ಅಮ್ಮ ಅಂಗಡಿಯಿಂದ ತಂದ ಪುಠಾಣಿ ಹಿಟ್ಟಿನ ಚೀಟಿಯಲ್ಲಿ, ಗೋಧಿ ಬೀಸುವ ಗಿರಣಿಯಲ್ಲೇ ಬೀಸಿದ್ದು ಎಂದಿತ್ತು, ಅದೂ ಹೋಯಿತು. ಉಪ್ಪಿನಕಾಯಿ ಭರಣಿ ಹೋಯಿತು, ಹಪ್ಪಳ ಹೋದವು.

“ನಿನ್ನದು ಎರಡು” ಎಂದರು ತುಳಸೀಬಾಯಿ.

“ನಿಮ್ಮದು ನಾಕು” ಎಂದಳು ಕಸ್ತೂರಿ.

ಅಂದು ಊಟ ತಡವಾಯಿತು. ತುಳಸೀಬಾಯಿ ಒಳಗಿನ ಒಲೆಯ ಮೇಲೆ ಹೆಸರುಬೇಳೆಯ ತೊವ್ವೆ ಮಾಡಿದರು. ಕಸ್ತೂರಿ ಹಿತ್ತಲಲ್ಲಿ ಪುಠಾಣಿಯನ್ನು ಮಿಕ್ಸಿಗೆ ಹಾಕಿ, ಹೊಸದಾಗಿ ನಾದಿ, ಆರು ಬೇಗಲ್ ಸುಟ್ಟಳು. ಒಬ್ಬರ ಒಲೆಯನ್ನು ಇನ್ನೊಬ್ಬರು ನಡುನಡುವೆ ಬಂದು ಇಣುಕಿ ನೋಡಿದರು.

ಸಂಪದಾ ತಾಟು ಹಿಡಿದು ಬಂದಳು. ಒಳಗಿನ ಬಾಗಿಲಲ್ಲಿ ಅಜ್ಜಿ ಸೌಟು ಹಿಡಿದು ನಿಂತಿದ್ದರು. ಹಿತ್ತಲ ಬಾಗಿಲಲ್ಲಿ ಅಮ್ಮ ಇಕ್ಕಳದಲ್ಲಿ ಬಿಸಿ ಬಳೆ ಹಿಡಿದು ನಿಂತಿದ್ದಳು.

“ಇಲ್ಲಿ ಬಾ, ಮೊದಲ ಅನ್ನ ಉಣ್ಣು” ಎಂದರು ಅಜ್ಜಿ.

“ಬಿಸಿ ಇದ್ದಾಗ ತಿನ್ನು, ಇಲ್ಲಿ ಬಾ” ಎಂದಳು ಅಮ್ಮ.

“ಇಬ್ಬರೂ ಅಲ್ಲೇ ಇಟ್ಟು ಈಚಿಗೆ ಬರ್ರಿ” ಎಂದಳು ಸಂಪದಾ. “ನಂದು ನಾ ನೀಡ್ಕೋತೀನಿ.”

“ಏನಂದಿ?” ಎಂದರು ಇಬ್ಬರೂ.

ಅವಳು ಅಜ್ಜಿಯ ಕೈಯಿಂದ ಸೌಟು ತೆಗೆದುಕೊಂಡು ಅನ್ನದ ಮೇಲೆ ತೊವ್ವೆ ಹಾಕಿಕೊಂಡಳು. ಹಿತ್ತಲಿಗೆ ಹೋಗಿ ಇಕ್ಕಳ ಇಸಿದುಕೊಂಡು ಎರಡು ಬೇಗಲ್ ತಾಟಿಗಿಟ್ಟುಕೊಂಡಳು. ಅಡಿಗೆಮನೆಗೂ ಹಿತ್ತಲಿಗೂ ನಡುವಿನ ಮೆಟ್ಟಿಲ ಮೇಲೆ ಕೂತು ಉಣ್ಣತೊಡಗಿದಳು. ಒಳಗೆ ಅಜ್ಜಿ, ಹೊರಗೆ ಅಮ್ಮ, ಇಬ್ಬರೂ ಬರಿಗೈಯಲ್ಲಿ ನಿಂತಿದ್ದರು.